ಬುಟ್ಟಿಯ ಪಕ್ಕ ನಿಂತಿದ್ದ ಎರಡು ಬಾಟಲಿ

"ಇನ್ನೊಂದು ಸಲ ಹೇಳು," ಎಂದೆ.

"ಹತ್ತು ಸಲ ಹೇಳಿದೀನಿ ಮೇಡಂ. ಅವಳನ್ನ ಒಳಗೆ ಬಿಟ್ರು. ನನ್ನನ್ನ ಬಿಡಲಿಲ್ಲ. ಅಷ್ಟೇ."

ಉನಾಯ್‌ಗೆ ಇಪ್ಪತ್ತೊಂದು ವರ್ಷ. ಸ್ಪೇನಿನ ಬಿಲ್ಬಾವೊ ಊರಿನವನು. ರೈಲು ಪಾಸು ಹಿಡಿದು ಬೇಸಿಗೆಯಿಡೀ ತಿರುಗಲು ಹೊರಟವನಿಗೆ ಬರ್ಲಿನ್ ನಾಲ್ಕನೇ ಊರು. ಐದನೇ ಊರು ಸದ್ಯಕ್ಕೆ ಅವನ ಹಣೆಯಲ್ಲಿ ಬರೆದ ಹಾಗಿರಲಿಲ್ಲ. ಶನಿವಾರ ರಾತ್ರಿ ಅವನ ಜೊತೆ ಹೊರಗೆ ಹೋಗಿದ್ದ ನೇಜಾ ಎಂಬ ಸ್ಲೊವೇನಿಯಾದ ಹುಡುಗಿ ಕಾಲುವೆಯ ಕಾಲುಸೇತುವೆಯಿಂದ ಕೆಳಗಿನ ಕಲ್ಲುದಂಡೆಗೆ ಬಿದ್ದು, ತಲೆ ಒಡೆದುಕೊಂಡು, ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಳು. ಅವಳ ಫೋನ್ ಸಿಕ್ಕಿರಲಿಲ್ಲ. ಕೊನೆಗೆ ಅವಳ ಜೊತೆ ಕಂಡವನು ಇವನೇ.

ಈಗ ಸೋಮವಾರ ಮಧ್ಯಾಹ್ನ ಹನ್ನೆರಡು. ನಾಲ್ಕು ಗಂಟೆಗೆ ಇವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ಅವರು ಒಳಗಿಡಿ ಎಂದರೆ ವಿಚಾರಣೆ ಮುಗಿಯುವ ತನಕ ಆರು ತಿಂಗಳೋ ಎಂಟು ತಿಂಗಳೋ ಜೈಲು.

"ಕ್ಲಬ್ಬಿನ ಬಾಗಿಲು ಕಾಯೋನು ಏನಂದ?" ಎಂದು ಕೇಳಿದೆ.

"ಏನೂ ಅನ್ನಲಿಲ್ಲ. ನನ್ನ ಮುಖ ನೋಡಿದ, ಶೂ ನೋಡಿದ, ತಲೆ ಅಲ್ಲಾಡಿಸಿದ. ಎರಡು ಗಂಟೆ ಸಾಲಲ್ಲಿ ನಿಂತಿದ್ದೆ."

"ಕೋಪ ಬಂತಾ?"

"ಬರದೇ ಇರುತ್ತಾ? ಅವಳು ತಿರುಗಿ ನೋಡಿದ್ಲು. ಹೋಗು ಹೋಗು ಅಂತ ನಾನೇ ಕೈ ಮಾಡಿದೆ. ಹೋಗೇಬಿಟ್ಲು. ಅದಕ್ಕೆ ಇನ್ನೂ ಕೋಪ ಬಂತು."

ಠಾಣೆಯಲ್ಲಿ ಕೂತು ಇಷ್ಟು ನಿಜ ಹೇಳುವವರು ಒಂದೋ ಪೆದ್ದರು, ಇಲ್ಲವೇ ತಪ್ಪು ಮಾಡದವರು. ಎರಡೂ ಆಗಿರುವುದುಂಟು. ನಮ್ಮೂರ ಕ್ಲಬ್ಬಿನ ಬಾಗಿಲಲ್ಲಿ ಕಾರಣ ಕೇಳುವ ಪದ್ಧತಿಯಿಲ್ಲ. ನನ್ನನ್ನೂ ಇಪ್ಪತ್ತೆರಡನೇ ವಯಸ್ಸಿನಲ್ಲಿ ಮೂರು ಸಲ ವಾಪಸ್ ಕಳಿಸಿದ್ದರು. ನಾಲ್ಕನೇ ಸಲ ಒಳಗೆ ಹೋದೆ, ಆದರೆ ಅಷ್ಟರಲ್ಲಿ ಪೊಲೀಸ್ ಕೆಲಸಕ್ಕೆ ಸೇರಿದ್ದೆ.

ಬಾಗಿಲು ತಟ್ಟಿ ಪೇದೆ ಮೈಕ್ ಒಳಗೆ ಬಂದ. ಕೈಯಲ್ಲಿ ಚೀಸ್ ಹಾಕಿದ ಬ್ರೆಡ್ಡು, ಒಂದು ಬಾಟಲಿ ಸೇಬಿನ ರಸ. ಹುಡುಗನ ಮುಂದಿಟ್ಟು, "ತಿನ್ನು ಮಾರಾಯ, ನಿನ್ನೆಯಿಂದ ಹೊಟ್ಟೆಗೇನೂ ಇಲ್ಲ," ಎಂದು ಅವನ ಭುಜ ತಟ್ಟಿದ. ಭಾನುವಾರ ಸೇತುವೆಗೆ ಮೊದಲು ಹೋದ ಗಸ್ತಿನವನು ಮೈಕ್. ನಮ್ಮ ಠಾಣೆಯಲ್ಲಿ ಅವನ ಮೇಲೆ ಕೆಟ್ಟ ಮಾತಾಡುವವರಿಲ್ಲ.

ಉನಾಯ್ ರಸವನ್ನು ಒಂದೇ ಗುಟುಕಿಗೆ ಕುಡಿದು ಬಾಟಲಿಯನ್ನು ಮೂಲೆಯ ಕಸದ ಬುಟ್ಟಿಗೆ ಎಸೆದ. ಠಣ್ ಎಂದಿತು.

ಕಿಟಕಿಯ ಹತ್ತಿರ ನಿಂತಿದ್ದ ನನ್ನ ಜೊತೆಗಾರ ತೈಫೂನ್ ಯೋಚನೆಯೇ ಮಾಡದೆ ಬಗ್ಗಿ ಅದನ್ನು ಹೊರಗೆ ತೆಗೆದು ಬುಟ್ಟಿಯ ಪಕ್ಕ ನೆಟ್ಟಗೆ ನಿಲ್ಲಿಸಿದ. "ಏನಯ್ಯಾ ಇದು, ಬಾಟ್ಲಿನ ಬುಟ್ಟಿಗೆ ಹಾಕ್ತಾರೇನಯ್ಯಾ?"

"ಅದು ಕಸದ ಬುಟ್ಟಿ ತಾನೇ?"

"ಖಾಲಿ ಬಾಟ್ಲಿಗೆ ಅಂಗಡೀಲಿ ಚಿಲ್ಲರೆ ಕೊಡ್ತಾರೆ. ನಿನಗೆ ಬೇಡ ಅಂದ್ರೆ ಪಕ್ಕದಲ್ಲಿ ನಿಲ್ಲಿಸು, ಬೇಕಾದವರು ತಗೊಂಡು ಹೋಗ್ತಾರೆ. ಪಾಪ, ಅವರ ಕೈಯನ್ನ ಕಸಕ್ಕೆ ಯಾಕೆ ಹಾಕಿಸ್ತೀಯ?"

ನಾನು ಮೇಜಿನ ಮೇಲಿದ್ದ ಫೋಟೋ ಹತ್ತಿರಕ್ಕೆ ಎಳೆದುಕೊಂಡೆ.

ಭಾನುವಾರ ಬೆಳಗ್ಗೆ ಓಡಲು ಹೋಗಿದ್ದ ಮೇಷ್ಟ್ರೊಬ್ಬರು ನೇಜಾಳನ್ನು ಕಂಡು ಆರು ಹತ್ತಕ್ಕೆ ನಮಗೆ ಫೋನ್ ಮಾಡಿದ್ದರು. ಜಾಗ ಗುರುತಿಸಲೆಂದು ಸೇತುವೆಯ ಫೋಟೋ ತೆಗೆದು ಕಳಿಸಿದ್ದರು. ಕಂಬಿ, ಕಿತ್ತಳೆ ಬಣ್ಣದ ಬುಟ್ಟಿ, ಅದರ ಪಕ್ಕ ಜೋಡಿಯಾಗಿ ನಿಂತ ಎರಡು ಬಿಯರ್ ಬಾಟಲಿ. 'ಎರಡು ಬಾಟಲಿ, ಅಂದರೆ ಇಬ್ಬರು ಕೂತು ಕುಡಿದಿದ್ದಾರೆ, ಆಮೇಲೆ ಜಗಳವಾಗಿದೆ' ಎಂದು ನಮ್ಮ ವರದಿ ಹೇಳಿತ್ತು. ಬರೆದದ್ದು ನಾನೇ. ಆ ಬಾಟಲಿಗಳು ನಿಂತ ರೀತಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನಮ್ಮೂರಲ್ಲಿ ಬಾಟಲಿಗಳು ಹಾಗೇ ನಿಲ್ಲುತ್ತವೆ, ಅದನ್ನು ನೋಡುವವರು ಯಾರು.

"ಸೇತುವೆ ಮೇಲೆ ಕುಡಿದೆ ಅಂದ್ಯಲ್ಲ, ಖಾಲಿ ಬಾಟ್ಲಿ ಏನು ಮಾಡಿದೆ?"

"ಬುಟ್ಟಿಗೆ ಹಾಕಿದೆ."

"ಎಷ್ಟು ಬಾಟ್ಲಿ?"

"ಒಂದು. ಜೊತೆಗೆ ಯಾರಿದ್ರು ಎರಡು ತಗೊಳ್ಳೋಕೆ?" ಅವನು ಬ್ರೆಡ್ಡನ್ನು ದೂರ ತಳ್ಳಿದ. "ಅವಳು ಬರ್ತಾಳೇನೋ ಅಂತ ಕಾದೆ. ಬರಲಿಲ್ಲ. ಹಾಸ್ಟೆಲ್‌ಗೆ ಹೋಗಿ ಮಲಗಿದೆ. ಇನ್ನೂ ಸ್ವಲ್ಪ ಹೊತ್ತು ಕಾದಿದ್ರೆ ಅವಳು ಬೀಳ್ತಿರಲಿಲ್ಲ."

ಪ್ರವಾಸಿಗಳು ತಂಗುವ ಆ ಹಾಸ್ಟೆಲ್ಲಿನ ಬಾಗಿಲಿಗೆ ಕಾರ್ಡು ತೋರಿಸಬೇಕು. ಇವನ ಕಾರ್ಡು ನಾಲ್ಕು ಐವತ್ತಕ್ಕೆ ಒಳಗೆ ಬಂದದ್ದು ದಾಖಲಾಗಿದೆ. ನಾವು ಹೋಗಿ ಎಬ್ಬಿಸುವ ತನಕ ಮತ್ತೆ ಹೊರಗೆ ಹೋಗಿಲ್ಲ. ನೇಜಾ ಬಿದ್ದದ್ದು ನಾಲ್ಕರಿಂದ ಆರರ ನಡುವೆ ಎಂದು ವೈದ್ಯರು ಹೇಳಿದ್ದರು. ನಾಲ್ಕೂವರೆಗೆ ತಳ್ಳಿ, ಐದಕ್ಕೆ ಮೊದಲು ಹಾಸಿಗೆ ಸೇರಿದ ಎಂಬುದು ಸರ್ಕಾರಿ ವಕೀಲರ ಲೆಕ್ಕ.

"ಆ ಬಾಟ್ಲಿಗಳು ಈಗ ಎಲ್ಲಿವೆ?" ಎಂದೆ. ಉತ್ತರ ಎಲ್ಲರಿಗೂ ಗೊತ್ತಿತ್ತು.

ಮೈಕ್ ಕತ್ತು ಕೆರೆದುಕೊಂಡ. "ಅದನ್ನೇ ಎಷ್ಟು ಸಲ ಕೆದಕ್ತೀರಾ ಮೇಡಂ? ಕುಡಿದು ಬಿದ್ದಿದ್ದಾಳೆ ಅಂತ ಅಂದ್ಕೊಂಡೆ. ಯಾರೋ ಮುದುಕಿ ತಳ್ಳುಗಾಡಿ ತಳ್ಕೊಂಡು ಬಂದ್ಲು. ಬಾಟ್ಲಿ ಕೊಟ್ಟುಬಿಟ್ಟೆ. ತಪ್ಪಾಯ್ತು."

ಬೆರಳಚ್ಚು ತೆಗೆಯುವವರು ಬರುವ ಮೊದಲೇ ಸಾಕ್ಷ್ಯವನ್ನು ಧರ್ಮಕ್ಕೆ ಕೊಟ್ಟುಬಿಟ್ಟಿದ್ದ. ಈ ಊರಿನ ಪೊಲೀಸನಲ್ಲದೆ ಬೇರೆ ಯಾವ ಊರಿನವನೂ ಇಂಥ ತಪ್ಪು ಮಾಡುವುದಿಲ್ಲ. ಅದಕ್ಕೇ ಯಾರೂ ಅವನನ್ನು ಗಟ್ಟಿಯಾಗಿ ಬೈದಿರಲಿಲ್ಲ.

"ಯಾವ ಮುದುಕಿ?"

"ಗೊತ್ತಿಲ್ಲ ಮೇಡಂ. ಈ ಊರಲ್ಲಿ ಬಾಟ್ಲಿ ಆಯೋರು ಸಾವಿರ ಜನ. ಹುಡುಕೋದು ಹೊಳೇಲಿ ಹುಣಸೇಹಣ್ಣು ತೊಳೆದ ಹಾಗೆ. ಬಿಡಿ."

ತೈಫೂನ್ ಜಾಕೆಟ್ ಹಾಕಿಕೊಳ್ಳುತ್ತಿದ್ದ. "ಆ ಸೇತುವೆ ಹೆರ್ಟಾ ಅಜ್ಜಿದು. ಅಲ್ಲಿ ಬೇರೆಯವರು ಕಾಲಿಟ್ರೆ ಅವಳು ಕಾಲು ಮುರೀತಾಳೆ. ನೀನು ಮೂರು ವರ್ಷದಿಂದ ಅಲ್ಲೇ ಗಸ್ತು ತಿರುಗ್ತೀಯ, ಗೊತ್ತಿಲ್ವಾ?"

"ಗಡಿಬಿಡೀಲಿ ಮುಖ ನೋಡಲಿಲ್ಲ," ಎಂದ ಮೈಕ್.

* * *

ಹೆರ್ಟಾ ಸೂಪರ್ ಮಾರ್ಕೆಟ್ಟಿನ ಹಿಂಭಾಗದಲ್ಲಿ, ಬಾಟಲಿ ನುಂಗಿ ಚೀಟಿ ಕೊಡುವ ಯಂತ್ರದ ಮುಂದೆ ನಿಂತಿದ್ದಳು. ಎಪ್ಪತ್ತಮೂರು ವರ್ಷ. ಮೂವತ್ತು ವರ್ಷ ಟ್ರಾಮ್ ಓಡಿಸಿದವಳು. ಅವಳ ಹಿಂದೆ ಐದಾರು ಜನರ ಸಾಲಿತ್ತು. ಅವಳ ಗಾಡಿ ಇನ್ನೂ ಅರ್ಧ ತುಂಬಿತ್ತು.

"ಸಾಲಲ್ಲಿ ಬಾ ಮಗಳೇ," ಎಂದಳು ತಿರುಗಿ ನೋಡದೆ.

"ಪೊಲೀಸ್, ಅಜ್ಜಿ."

"ಪೊಲೀಸ್‌ಗೆ ಬೇರೆ ಸಾಲಿಲ್ಲ."

ತೈಫೂನ್ ನಕ್ಕ. ಅವಳು ಅವನನ್ನು ನೋಡಿ, "ಓ, ನೀನಾ. ನಿಮ್ಮಮ್ಮನ ಮಂಡಿ ಹೇಗಿದೆ? ಮೆಟ್ಟಿಲು ಹತ್ತಬೇಡ ಅಂತ ಹೇಳು," ಎಂದು ಮತ್ತೊಂದು ಬಾಟಲಿಯನ್ನು ಯಂತ್ರದ ಬಾಯಿಗಿಟ್ಟಳು.

"ಭಾನುವಾರ ಬೆಳಗ್ಗೆ ಕಾಲುಸೇತುವೆ ಹತ್ರ ಒಬ್ಬ ಪೊಲೀಸ್ ನಿಮಗೆ ಎರಡು ಬಾಟ್ಲಿ ಕೊಟ್ನಲ್ಲ," ಎಂದೆ.

"ಕೊಟ್ಟ. ಕರೆದು ಕೊಟ್ಟ. ನಾನು ಆ ಕಡೆ ದಡದಲ್ಲಿದ್ದೆ. 'ಅಜ್ಜಿ ಬಾ, ಬೇಗ ತಗೊಂಡು ಹೋಗು' ಅಂದ. ಮೂರು ವರ್ಷದಲ್ಲಿ ಒಂದು ಬಾಟ್ಲಿ ಕೊಟ್ಟೋನಲ್ಲ. ಕೆಳಗೆ ಹುಡುಗಿ ಬಿದ್ದಿರೋದು ಆಗ ನನಗೆ ಕಾಣಲಿಲ್ಲ ಕಣಮ್ಮ. ಆಮೇಲೆ ಗೊತ್ತಾಗಿ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ."

"ಅದು ಎಷ್ಟು ಹೊತ್ತಿಗೆ?"

"ಆರೂ ಇಪ್ಪತ್ತೈದು. ಅದು ನನ್ನ ಎರಡನೇ ಸುತ್ತು."

ಈ ಮಾತು ಕೇಳಿ ನಾನು ನೋಟ್‌ಬುಕ್ ಮುಚ್ಚಿದೆ. ಬರೆದುಕೊಳ್ಳುತ್ತಾ ಕೇಳಿದರೆ ಜನ ಎಚ್ಚರವಾಗುತ್ತಾರೆ. "ಮೊದಲನೇ ಸುತ್ತು ಯಾವಾಗ?"

"ಐದು ಮೂವತ್ತನಾಲ್ಕಕ್ಕೆ ಸೇತುವೆ ಮೇಲೆ."

"ಮೂವತ್ತನಾಲ್ಕು ಅಂತ ಅಷ್ಟು ಕರಾರುವಾಕ್ಕಾಗಿ?"

ಅವಳು ಮೊದಲ ಸಲ ನನ್ನ ಕಡೆ ಪೂರ್ತಿ ತಿರುಗಿದಳು. "ಮೂವತ್ತು ವರ್ಷ ಟ್ರಾಮ್ ಓಡಿಸಿದವಳನ್ನ ಹೊತ್ತು ಕೇಳ್ತೀಯಲ್ಲ. ಶನಿವಾರ ರಾತ್ರಿ ಕುಡಿದ ಮಕ್ಕಳೆಲ್ಲ ಐದಕ್ಕೆ ಮೊದಲು ಒಂದು ಸಲ ಕರಗ್ತಾರೆ. ಕ್ಲಬ್ಬಿಂದ ಬಿಸಿಲಿಗೆ ಕಣ್ಣು ಉಜ್ಜಿಕೊಂಡು ಬರೋರು ಆರಕ್ಕೆ. ಎರಡರ ಮಧ್ಯೆ ನಾನು ಒಂದು ಸಲ ಬಾಚ್ತೀನಿ, ಆಮೇಲೆ ಇನ್ನೊಂದು ಸಲ. ಅರ್ಧ ಗಂಟೆ ತಡ ಮಾಡಿದ್ರೆ ಬೇರೆಯವರ ಪಾಲು."

"ಐದೂವರೆಗೆ ಬುಟ್ಟಿ ಪಕ್ಕ ಏನಿತ್ತು?"

"ಏನೂ ಇರಲಿಲ್ಲ. ಬುಟ್ಟಿ ಒಳಗೆ ಒಂದಿತ್ತು. ಯಾವನೋ ಊರು ಗೊತ್ತಿಲ್ಲದೋನು ಒಳಗೆ ಹಾಕಿದ್ದ. ಇಕ್ಕಳ ಹಾಕಿ ತೆಗೆದೆ."

ತೈಫೂನ್ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಲಿಲ್ಲ.

"ಕೆಳಗೆ ದಂಡೆ ನೋಡಿದ್ರಾ ಅಜ್ಜಿ?"

"ನೋಡದೆ ಇರ್ತೀನಾ? ಅರ್ಧ ಬಾಟ್ಲಿ ಅಲ್ಲೇ ಉರುಳಿರುತ್ತವೆ. ಇಳಿದು ಆರಿಸಿಕೊಂಡು ಬಂದೆ. ಹುಡುಗಿ ಇಲ್ಲ, ಗಿಡುಗಿ ಇಲ್ಲ. ಎರಡು ಬಾತುಕೋಳಿ ಇದ್ವು."

ಅಲ್ಲಿಗೆ ಆಯಿತು. ಐದು ಮೂವತ್ತನಾಲ್ಕಕ್ಕೆ ನೇಜಾ ಬಿದ್ದಿರಲಿಲ್ಲ. ಉನಾಯ್ ಆಗಲೇ ನಲವತ್ತು ನಿಮಿಷದಿಂದ ಹಾಸ್ಟೆಲ್ಲಿನ ಹಾಸಿಗೆಯಲ್ಲಿದ್ದ. ನಮ್ಮ ವರದಿಯ ಇಬ್ಬರಲ್ಲಿ ಒಬ್ಬ ಇವನಲ್ಲ.

ಅಷ್ಟರಲ್ಲಿ ಯಂತ್ರ ಗುರ್ ಎಂದು ಅವಳ ಬಾಟಲಿಯನ್ನು ಹೊರಕ್ಕೆ ತಳ್ಳಿತು. ಅವಳು ಮತ್ತೆ ಇಟ್ಟಳು, ಅದು ಮತ್ತೆ ಉಗುಳಿತು. "ನೋಡು, ನಿಮ್ಮ ಪೊಲೀಸ್ ಮಾಡಿದ ಧರ್ಮ ಇದು. ಬೆಳಗ್ಗೆಯಿಂದ ಮೂರು ಅಂಗಡೀಲಿ ನೋಡಿದೆ. ಯಾವ ಯಂತ್ರವೂ ಮುಟ್ಟಲ್ಲ."

"ಅವೇ ಎರಡಾ ಇವು?" ಎಂದೆ.

"ಅವೇ. ಒಂದು ಕೈಲಿದೆ, ಇನ್ನೊಂದು ತಳದಲ್ಲಿದೆ. ಬೇಕಾ? ಬಿಟ್ಟಿ ಕೊಡಲ್ಲ ಮತ್ತೆ."

ಗಿಡ್ಡ ಕುತ್ತಿಗೆಯ ದಪ್ಪ ಬಾಟಲಿ. ಚೀಟಿ ಅಂಟಿಸಿರಲಿಲ್ಲ, ಗಾಜಿನ ಮೈಯಲ್ಲೇ ಏಳು ಎಂಬ ಅಂಕಿ ಎದ್ದಿತ್ತು. ಇಂಥದ್ದನ್ನು ಅಂಗಡಿಯಲ್ಲಿ ನಾನು ಕಂಡಿರಲಿಲ್ಲ. ಆದರೆ ಉನಾಯ್ ಇದ್ದ ಹಾಸ್ಟೆಲ್ಲಿನ ಬಾರಿನಲ್ಲಿ ಭಾನುವಾರ ಇದೇ ಬಾಟಲಿಗಳು ಸಾಲಾಗಿ ಕೂತಿದ್ದವು. ತರುಣ ಪ್ರವಾಸಿಗಳನ್ನು ಬಾರಿನಿಂದ ಬಾರಿಗೆ ಕರೆದುಕೊಂಡು ಹೋಗುವ 'ಏಳು ಬಾರಿನ ಸುತ್ತು' ಹೊರಡುವುದು ಅಲ್ಲಿಂದಲೇ. ಶನಿವಾರ ಉನಾಯ್, ನೇಜಾ ಇಬ್ಬರೂ ಆ ಸುತ್ತಿಗೆ ಸೇರಿದ್ದರು. ಈ ಬಿಯರು ಅವರ ಸ್ವಂತದ್ದು.

ತೈಫೂನ್ ಐದು ಯೂರೋ ಕೊಟ್ಟ. ಹೆರ್ಟಾ ನೋಟನ್ನು ಬೆಳಕಿಗೆ ಹಿಡಿದು ನೋಡಿ ಜೇಬಿಗಿಟ್ಟಳು.

"ನೀನು ಇವನ್ನ ಬೆರಳಚ್ಚಿನವರಿಗೆ ಕೊಟ್ಟು ಕೋರ್ಟಿಗೆ ಹೋಗು," ಎಂದೆ ತೈಫೂನ್‌ಗೆ. "ಅಜ್ಜಿನೂ ಕರ್ಕೊಂಡು ಹೋಗು."

"ಗಾಡಿ?" ಎಂದಳು ಹೆರ್ಟಾ.

"ಗಾಡಿ ಸಮೇತ."

ಸರ್ಕಾರಿ ವಕೀಲರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಅವರು ಶಾಂತವಾಗಿ ಕೇಳಿಸಿಕೊಂಡರು. "ಬಾಟ್ಲಿ ಆಯೋ ಮುದುಕಿಯ ಗಡಿಯಾರ ನಂಬ್ಕೊಂಡು ನಾನು ಯಾರನ್ನೂ ಬಿಡೋಕಾಗಲ್ಲ. ಆ ಎರಡನೇ ಬಾಟ್ಲಿ ಕುಡಿದೋನು ಯಾರು ಅಂತ ನಾಲ್ಕರೊಳಗೆ ಹೇಳಿ. ಇಲ್ಲಾಂದ್ರೆ ಹುಡುಗ ಒಳಗೆ."

ನನಗೆ ಸಿಟ್ಟು ಬಂತು. ಆದರೆ ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

* * *

ಹಾಸ್ಟೆಲ್ಲಿನ ಅಂಗಳದಲ್ಲಿ ಯೋರ್ನ್ ಮರದ ಬೆಂಚಿನ ಮೇಲೆ ಕೂತು ಕೈಗೆ ಕಟ್ಟುವ ಕಾಗದದ ಪಟ್ಟಿಗಳನ್ನು ಜೋಡಿಸುತ್ತಿದ್ದ. ಏಳು ಬಾರಿನ ಸುತ್ತಿನ ಯಜಮಾನ, ಮಾರ್ಗದರ್ಶಿ ಎರಡೂ ಅವನೇ. ಮೂವತ್ತನಾಲ್ಕು ವರ್ಷ, ಬರ್ಲಿನ್ನಿನಲ್ಲೇ ಹುಟ್ಟಿ ಬೆಳೆದವನು. ಭಾನುವಾರ ಹೇಳಿಕೆ ಕೊಟ್ಟಿದ್ದ. 'ರಾತ್ರಿ ಒಂದು ಗಂಟೆಗೆ ಎಲ್ಲರನ್ನೂ ಕ್ಲಬ್ಬಿನ ಸಾಲಿಗೆ ಬಿಟ್ಟೆ. ಮನೆಗೆ ಹೋಗಿ ಮಲಗಿದೆ.'

ಮೂಲೆಯಲ್ಲಿ ನಾಲ್ಕು ಹುಡುಗಿಯರು ಒದ್ದೆ ತಲೆಗೂದಲಿನಲ್ಲಿ ಮ್ಯಾಕರೋನಿ ತಿನ್ನುತ್ತಾ ಸಂಜೆ ಯಾವ ಅಂಗಿ ಹಾಕುವುದೆಂದು ಚರ್ಚಿಸುತ್ತಿದ್ದರು. ಕಪ್ಪು ಹಾಕಿದರೆ ಬಾಗಿಲಲ್ಲಿ ಬಿಡುತ್ತಾರಂತೆ. ಮೂವತ್ತು ವರ್ಷದ ಹಿಂದೆಯೂ ಇದೇ ಸುದ್ದಿ ಇತ್ತು.

"ಕಾಫಿ ಕುಡೀತೀರಾ?" ಎಂದ ಯೋರ್ನ್.

"ಬೇಡ. ಮನೆಗೆ ಎಷ್ಟೊತ್ತಿಗೆ ಹೋದೆ ಅಂದ್ಯಪ್ಪ?"

"ಒಂದೂವರೆ."

"ಸೇತುವೆ ಕಡೆ ಹೋಗಲೇ ಇಲ್ಲ?"

"ನನ್ನ ಮನೆ ಇರೋದು ಈ ಕಡೆ. ಸೇತುವೆ ಇರೋದು ಆ ಕಡೆ."

"ಅಲ್ಲಿ ಎರಡು ಬಾಟ್ಲಿ ಸಿಕ್ಕಿದಾವೆ. ಬುಟ್ಟಿ ಪಕ್ಕ ನೀಟಾಗಿ ನಿಲ್ಲಿಸಿದ್ರು. ಹೊರಗಿನ ಹುಡುಗರಿಗೆ ಅದು ಗೊತ್ತಿರಲ್ಲ. ನಿಲ್ಲಿಸಿದೋನು ಈ ಊರಿನವನು."

ಅವನು ನಕ್ಕುಬಿಟ್ಟ. "ಒಳ್ಳೆ ಪತ್ತೇದಾರಿ ಮೇಡಂ. ನನ್ನ ಸುತ್ತಿನಲ್ಲಿ ಮೊದಲನೇ ಪಾಠವೇ ಅದು. ಬಾಟ್ಲಿ ಬುಟ್ಟಿಗೆ ಹಾಕಬೇಡಿ, ಪಕ್ಕದಲ್ಲಿ ನಿಲ್ಲಿಸಿ. ಗ್ಲಾಸು ತಾಗಿಸೋವಾಗ ಕಣ್ಣಲ್ಲಿ ಕಣ್ಣಿಟ್ಟು ನೋಡಿ. ಸಾಲಲ್ಲಿ ಗಲಾಟೆ ಮಾಡಬೇಡಿ. ಶನಿವಾರ ಇಪ್ಪತ್ತಮೂರು ಜನಕ್ಕೆ ಹೇಳಿದೀನಿ. ಇಪ್ಪತ್ತಮೂರು ಜನಾನೂ ಹಿಡೀರಿ."

ಇದು ನನಗೆ ಹೊಳೆದಿರಲಿಲ್ಲ. ದಾರಿಯುದ್ದಕ್ಕೂ ಅದೊಂದನ್ನೇ ನಂಬಿಕೊಂಡು ಬಂದಿದ್ದೆ. ಉನಾಯ್ ಆ ಪಾಠದ ಹೊತ್ತಿಗೆ ನೇಜಾಳನ್ನು ನೋಡುತ್ತಾ ಕೂತಿದ್ದನೇನೋ.

"ಸರಿ," ಎಂದೆ. "ಬಾಟ್ಲಿ ಮೇಲೆ ಏಳು ಅಂತಿದೆ."

ಅವನ ಕೈ ಪಟ್ಟಿಗಳ ಮೇಲೆ ನಿಂತಿತು. ಸ್ವಲ್ಪ ಹೊತ್ತು, ಅಷ್ಟೇ. "ಅದು ನಮ್ಮ ಬಿಯರು. ಇಲ್ಲಿ ಯಾರು ಬೇಕಾದ್ರೂ ಕೊಂಡ್ಕೋತಾರೆ."

"ಕೊಂಡು ಇಲ್ಲೇ ಕುಡೀತಾರೆ. ಬಾಟ್ಲಿ ವಾಪಸ್ ಕೊಡದೆ ಯಾರನ್ನೂ ಬಾಗಿಲು ದಾಟಿಸಲ್ಲ ಅಂತ ನಿಮ್ಮ ಬಾರಿನ ಹುಡುಗಿ ಈಗಷ್ಟೇ ಹೇಳಿದಳು. ಬೇರೆ ಬಾಟ್ಲಿ ಮಾಡಿಸೋಕೆ ದುಡ್ಡಾಗುತ್ತಂತೆ. ಹೊರಗೆ ಹೋಗೋದು ಒಬ್ಬರ ಚೀಲದಲ್ಲಿ ಮಾತ್ರ."

ಯೋರ್ನ್ ಪಟ್ಟಿಗಳ ಕಟ್ಟನ್ನು ಬೆಂಚಿನ ಮೇಲಿಟ್ಟ.

"ಬೆರಳಚ್ಚು ತೆಗೀತಾ ಇದ್ದಾರೆ. ಸಂಜೆಯೊಳಗೆ ನನಗೇ ಗೊತ್ತಾಗುತ್ತೆ. ಆದ್ರೆ ನಾಲ್ಕಕ್ಕೆ ಆ ಹುಡುಗನ್ನ ಜೈಲಿಗೆ ಕಳಿಸ್ತಾರೆ. ನಿನ್ನ ಇಪ್ಪತ್ತಮೂರು ಜನದಲ್ಲಿ ಅವನೂ ಒಬ್ಬ."

"ಜೈಲಿಗೆ?" ಎಂದ. "ಬರೀ ವಿಚಾರಣೆಗೆ ಇಟ್ಕೊಂಡಿದೀರಿ ಅಂದ್ಕೊಂಡಿದ್ದೆ."

"ಆರು ತಿಂಗಳು. ಎಂಟೂ ಆಗಬಹುದು."

ಮೂಲೆಯ ಹುಡುಗಿಯರು ಎದ್ದು ಒಳಗೆ ಹೋದರು. ಯೋರ್ನ್ ಅವರು ಹೋಗುವ ತನಕ ಕಾದ.

"ಮನೆಗೆ ಹೋಗ್ತೀನಿ ಅಂತ ಹೇಳೋದು ನಮ್ಮ ಕೆಲಸದ ಪದ್ಧತಿ ಮೇಡಂ. ಹಾಗೆ ಹೇಳದಿದ್ರೆ ಅಷ್ಟೂ ಜನ ಬೆನ್ನು ಹತ್ತುತಾರೆ. ಹಿಂದಿನ ಬಾಗಿಲಿಂದ ಕ್ಲಬ್ ಒಳಗೆ ಹೋದೆ. ನೇಜಾ ಅಲ್ಲಿ ಸಿಕ್ಕಿದ್ಲು. ಒಬ್ಬಳೇ ಗೋಡೆಗೆ ಒರಗಿ ನಿಂತಿದ್ಲು. ಸ್ನೇಹಿತನ್ನ ಹೊರಗೆ ಬಿಟ್ಟು ಬಂದೆ, ತಪ್ಪು ಮಾಡಿದೆ ಅಂತ ಅದೇ ಮಾತು. ಐದೂ ನಲವತ್ತಕ್ಕೆ ಇಬ್ಬರೂ ಸೇತುವೆಗೆ ಬಂದ್ವಿ. ಚೀಲದಲ್ಲಿ ಎರಡು ಬಿಯರ್ ಉಳಿದಿತ್ತು."

"ಆಮೇಲೆ?"

"ಕೂತ್ವಿ. ಒಳಗೆ ಫೋಟೋ ತೆಗೀಬಾರದು ಅಂತ ಕ್ಲಬ್ಬಿನವರು ಅವಳ ಫೋನಿನ ಕ್ಯಾಮೆರಾಗೆ ಸ್ಟಿಕರ್ ಅಂಟಿಸಿದ್ರಲ್ಲ, ಅದನ್ನ ಕಿತ್ತು ಕಾಲುವೆ, ಬಿಸಿಲು, ಆಚೆ ದಡ ಎಲ್ಲ ಫೋಟೋ ತೆಗೀತಾ ಇದ್ಲು."

"ಕೈ ಹಿಡಿಯೋಕೆ ಹೋದ್ಯಾ?"

ಅವನ ಕಿವಿ ಕೆಂಪಗಾಯಿತು. "ಹೋದೆ. ಬೇಡ ಅಂದ್ಲು. ಸರಿ ಅಂದೆ. ಹಸಿವಾಗ್ತಿದೆ ಅಂದ್ಲು. ಬ್ರೆಡ್ಡು ತರೋಕೆ ಸ್ಟೇಷನ್ ಬೇಕರಿಗೆ ಹೋದೆ. ಅಷ್ಟೇ ಮೇಡಂ, ನಮ್ಮಪ್ಪನಾಣೆ. ಹತ್ತು ನಿಮಿಷ ಆಗಿರಬಹುದು. ವಾಪಸ್ ಬಂದಾಗ ಅವಳಿರಲಿಲ್ಲ. ಬಾಟ್ಲಿ ಎರಡೂ ಕಂಬಿ ಮೇಲಿದ್ವು."

"ಬಾಟ್ಲಿ ಕೆಳಗೆ ಇಟ್ಟಿದ್ದು ಯಾರು?"

"ನಾನು." ಅವನು ನೆಲ ನೋಡಿದ. "ಹೋಗಿಬಿಟ್ಲು ಅಂದ್ಕೊಂಡು ಎತ್ತಿ ಪಕ್ಕಕ್ಕಿಟ್ಟೆ. ಅಭ್ಯಾಸ. ಆಮೇಲೆ ಕೆಳಗೆ ಬಗ್ಗಿ ನೋಡಿದೆ."

"ಬಿದ್ದಿದ್ದಳು."

"ಹೂಂ."

"ನೋಡಿ ಹೊರಟುಹೋದೆ. ಒಂದು ಫೋನ್ ಮಾಡಲಿಲ್ಲ." ನಾನು ದನಿ ಏರಿಸಲಿಲ್ಲ. ಆದರೆ ಅವನ ಕಪಾಳಕ್ಕೆ ಬಾರಿಸಬೇಕೆಂದು ನನ್ನ ಕೈ ನಿಜವಾಗಿ ತುರಿಸಿತು.

"ಫೋನ್ ಮಾಡೋ ಅಗತ್ಯ ಇರಲಿಲ್ಲ ಮೇಡಂ. ಪೊಲೀಸ್ ಆಗಲೇ ಬಂದಿದ್ರಲ್ಲ."

ನಾನು ಅವನನ್ನೇ ನೋಡಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವರ ಮುಖಗಳನ್ನು ಇಪ್ಪತ್ತೆಂಟು ವರ್ಷ ನೋಡಿದ್ದೇನೆ. ಈ ಮುಖ ಹಾಗಿರಲಿಲ್ಲ. ನನಗೆ ಗೊತ್ತಿರುವುದನ್ನೇ ಹೇಳುತ್ತಿದ್ದೇನೆ ಎಂದುಕೊಂಡಿದ್ದ.

"ಯಾವ ಪೊಲೀಸ್?"

"ಅವಳ ಪಕ್ಕ ಮಂಡಿಯೂರಿ ಕೂತಿದ್ದ. ನೀಲಿ ಸಮವಸ್ತ್ರ, ಟೋಪಿ. ನನ್ನ ಕಡೆ ಬೆನ್ನು. ಒಬ್ಬನೇ ಇದ್ದ. ನನ್ನ ಜೇಬಲ್ಲಿ," ಎಂದು ತಡೆದು, "ನನ್ನ ಜೇಬಲ್ಲಿ ಪೊಲೀಸರಿಗೆ ತೋರಿಸಬಾರದ್ದು ಸ್ವಲ್ಪ ಇತ್ತು. ನೋಡ್ಕೊಳ್ಳೋರು ಇದ್ದಾರಲ್ಲ, ನಾನೇನು ಮಾಡಲಿ ಅಂತ ಜಾರಿಕೊಂಡೆ."

"ಎಷ್ಟು ಹೊತ್ತಿಗೆ?"

"ಚರ್ಚಿನಲ್ಲಿ ಆರು ಹೊಡೀತಾ ಇತ್ತು."

ಮೇಷ್ಟ್ರು ಫೋನ್ ಮಾಡಿದ್ದು ಆರು ಹತ್ತಕ್ಕೆ. ಅದಕ್ಕೆ ಮೊದಲು ನಮಗೆ ಯಾರೂ ಕರೆ ಮಾಡಿರಲಿಲ್ಲ. ಮೈಕ್ ಜಾಗ ತಲುಪಿದ್ದು ಆರು ಇಪ್ಪತ್ತಕ್ಕೆ ಎಂದು ಅವನ ಕೈಬರಹದಲ್ಲೇ ಇದೆ. ಆ ಕಾಗದ ಬೆಳಗ್ಗೆಯಿಂದ ನನ್ನ ಚೀಲದಲ್ಲಿತ್ತು.

"ಅವನು ಅವಳಿಗೆ ಏನು ಮಾಡ್ತಿದ್ದ? ಉಸಿರು ನೋಡ್ತಿದ್ನಾ? ರಕ್ತ ನಿಲ್ಲಿಸ್ತಿದ್ನಾ?"

ಯೋರ್ನ್ ನೆನಪು ಮಾಡಿಕೊಂಡ. ಹೇಳುತ್ತಾ ಹೇಳುತ್ತಾ ಅವನಿಗೇ ಅದು ಸರಿಯಾಗಿ ಕಾಣಲಿಲ್ಲವೇನೋ, ಮಾತು ನಿಧಾನವಾಯಿತು. "ಇಲ್ಲ. ಅವಳ ಕೈಯಿಂದ ಫೋನ್ ಬಿಡಿಸ್ಕೊಳ್ತಾ ಇದ್ದ. ಅವಳು ಬಿಡ್ತಿರಲಿಲ್ಲ. ಒಂದೊಂದೇ ಬೆರಳು ಬಿಡಿಸಿದ."

ಆ ಫೋನಿನ ಫೋಟೋಗಳಲ್ಲಿ ಅವನು ಮುಚ್ಚಿಡಬೇಕಾದದ್ದು ಏನೋ ಇದ್ದಿರಬೇಕು. ನನಗೆ ಭಯವಾಯಿತು. ಈ ಕೆಲಸದಲ್ಲಿ ನನಗೆ ಭಯವಾದದ್ದು ಕಡಿಮೆ, ಆದ್ದರಿಂದ ಗುರುತು ಹಿಡಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ಎದ್ದೇಳು," ಎಂದೆ. "ಕೋರ್ಟಿಗೆ ಹೋಗೋಣ. ಈಗ ಹೇಳಿದ್ದನ್ನೇ ಅಲ್ಲೂ ಹೇಳು. ಜೇಬಿನ ವಿಷಯ ನಾನು ಕೇಳಿಸಿಕೊಂಡಿಲ್ಲ."

ಅವನು ಪಟ್ಟಿಗಳನ್ನು ಬೆಂಚಿನ ಮೇಲೇ ಬಿಟ್ಟು ಎದ್ದ. ನಾವು ಬಾಗಿಲು ತಲುಪುವುದರೊಳಗೆ ನನ್ನ ಫೋನ್ ಬಡಿದುಕೊಂಡಿತು. ತೈಫೂನ್. ಗಡಿಯಾರ ನೋಡಿದೆ, ಮೂರು ಇಪ್ಪತ್ತು.

"ಮೇಡಂ, ನಾಲ್ಕಕ್ಕೆ ಇದ್ದದ್ದನ್ನ ಮೂರಕ್ಕೇ ಕರೆದ್ರು. ನಾನು ಅಜ್ಜಿ ಕರ್ಕೊಂಡು ಬರೋ ಹೊತ್ತಿಗೆ ಶುರುವಾಗಿತ್ತು. ಅಜ್ಜಿ ಸಾಕ್ಷಿ ಬೇಕಿಲ್ಲ ಅಂತಿದ್ದಾರೆ. ಹುಡುಗ ಒಪ್ಪಿಕೊಂಡುಬಿಟ್ನಂತೆ."

"ಏನು ಒಪ್ಪಿಕೊಂಡ?"

"ತಳ್ಳಿದ್ದು ನಾನೇ ಅಂತ."

"ಯಾರ ಮುಂದೆ? ವಕೀಲರಿದ್ರಾ?"

"ಯಾರೂ ಇರಲಿಲ್ಲ ಮೇಡಂ. ಕಾರಲ್ಲಿ, ಬರೋ ದಾರೀಲಿ. ಮೈಕ್ ಕರ್ಕೊಂಡು ಬಂದ. ಜೊತೆಗಿದ್ದ ಪೇದೇನ ಹಿಂದಿನ ಗಾಡೀಲಿ ಬಾ ಅಂದ್ನಂತೆ. ಈಗ ಮೈಕೇ ಒಳಗೆ ಪ್ರಮಾಣ ಮಾಡಿ ಸಾಕ್ಷಿ ಹೇಳ್ತಿದ್ದಾನೆ."

ಯೋರ್ನ್ ನನ್ನ ಮುಖ ನೋಡಿ ಒಂದು ಹೆಜ್ಜೆ ಹಿಂದೆ ಸರಿದ.

"ಹುಡುಗ ಏನಂತಾನೆ?" ಎಂದೆ.

"ಏನೂ ಅಂತಿಲ್ಲ ಮೇಡಂ," ಎಂದ ತೈಫೂನ್. "ಕಾರಿಂದ ಇಳಿದಾಗಿಂದ ಅವನು ಬಾಯೇ ಬಿಟ್ಟಿಲ್ಲ."